ಹತ್ತಿ ಹೊತ್ತ ಪತ್ತೆಮಾರಿ

ಕಾಲುವೆಯ ನಕ್ಷೆಯಲ್ಲಿ ಡೊಂಕು ಗೆರೆ ಬಲು ಕಡಿಮೆ. ಅಡಿ ಸಪಾಟು, ಎರಡೂ ಬದಿಗೆ ಓರೆ ಇಳಿಜಾರು, ಅದರ ಮೇಲೆ ಏರಿ, ಏರಿಯ ಮೇಲೆ ಜೀಪು ಓಡುವಷ್ಟು ದಾರಿ. ಇದನ್ನೇ ಗೊತ್ತಾದ ಅಂತರಕ್ಕೊಮ್ಮೆ ಅಡ್ಡ ಕೊಯ್ದು ತೋರಿಸುತ್ತ ಹೋದರೆ ನಕ್ಷೆಗಾರನ ಕೆಲಸ ಮುಗಿಯಿತು. ಸರ್ಕಾರಿ ಸೇವೆಯ ಬಹುಭಾಗವನ್ನು ನಾನು ಹೀಗೆ ಅಡ್ಡಕೊಯ್ತ ಬರೆಯುವುದರಲ್ಲಿ ಕಳೆದೆ. ಗಾಜನೂರಿನಿಂದ ಹೊರಟು ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳನ್ನು ಹಾಯ್ದು ನಮ್ಮ ಹಾವೇರಿ ಜಿಲ್ಲೆಗೆ ಬರುವ ತುಂಗಾ ಮೇಲ್ದಂಡೆ ಕಾಲುವೆಯ ಹಾಳೆಗಳೂ ನನ್ನ ಮೇಜಿನ ಮೇಲೆ ಹಾಯ್ದಿವೆ. ಗೆರೆ ಎಳೆದವನು ನಾನು, ಅಗೆದವರು ಬೇರೆಯವರು, ನೀರು ಹಾಯಿಸಿಕೊಂಡವರು ಇನ್ನೂ ಬೇರೆಯವರು. ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿ ಪೆನ್ನು ಆಡಿಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದೆ, ಅಮೋನಿಯಾ ಪ್ರಿಂಟಿನ ಘಾಟು ಕುಡಿದೆ, ಕಂಪ್ಯೂಟರು ಬಂದು ಟೀ-ಸ್ಕ್ವೇರು ಅಟ್ಟ ಸೇರಿದ ಮೇಲೆ ನಿವೃತ್ತನಾದೆ. ಈ ಅಷ್ಟೂ ವರ್ಷಗಳಲ್ಲಿ ನಾನು ಬರೆದದ್ದೊಂದನ್ನು ನಾನೇ ಕೈಯಿಂದ ಮಾಡಿದ್ದು ಇಲ್ಲ.

ನಡುವೆ ಕೆಲವು ವರ್ಷ ಕಾರವಾರದಲ್ಲಿದ್ದೆ. ಬಯಲುಸೀಮೆಯಿಂದ ಹೋದವನಿಗೆ ಅಲ್ಲಿ ಎರಡೇ ಕಷ್ಟ: ಬೆವರು, ಮತ್ತು ಜೋಳದ ರೊಟ್ಟಿಯಿಲ್ಲದ ಊಟ. ಸಂಜೆ ಬೈತಖೋಲದ ಕಡೆ ನಡೆದುಹೋಗುತ್ತಿದ್ದೆ. ಅಲ್ಲಿ ದಡಕ್ಕೆ ಎಳೆದ ಮರದ ದೋಣಿಗಳ ರಿಪೇರಿ ನಡೆದಿರುತ್ತಿತ್ತು. ಬಡಗಿಗಳ ಕೈಯಲ್ಲಿ ಒಂದು ಹಾಳೆಯಿಲ್ಲ, ಅಳತೆಪಟ್ಟಿಯನ್ನೂ ಅಪರೂಪಕ್ಕೆ ಹೊರತೆಗೆಯುತ್ತಿದ್ದರು. ತೆಳ್ಳನೆಯ ಒಂದು ಪಟ್ಟಿಯನ್ನು ಪಕ್ಕೆಲುಬುಗಳ ಮೇಲೆ ಬಾಗಿಸಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಬಾಚಿಯಿಂದ ಎರಡೇಟು ಹಾಕಿದರೆ ಅದೇ ತಿದ್ದುಪಡಿ. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಹುರಿಯನ್ನು ಉಳಿಯಿಂದ ತುಂಬುತ್ತಿದ್ದರು. ಹತ್ತಿ ನೀರು ಕುಡಿದು ಉಬ್ಬಿದರೆ ಸಂದಿ ತಾನೇ ಬಿಗಿಯುತ್ತದಂತೆ. ಹತ್ತಿಯ ಸೀಮೆಯಿಂದ ಬಂದ ನನಗೆ ಅದೊಂದು ಕೆಲಸ ಮಾತ್ರ ತಟ್ಟನೆ ಅರ್ಥವಾಯಿತು. ಉಳಿದದ್ದೆಲ್ಲ ಮಾಯೆ. ನಕ್ಷೆಯಿಲ್ಲದೆ ಇಷ್ಟು ಡೊಂಕು ಹೇಗೆ ಸರಿಹೋಗುತ್ತದೆ ಎಂಬ ಪ್ರಶ್ನೆ ಹೊತ್ತುಕೊಂಡೇ ಅಲ್ಲಿಂದ ವರ್ಗವಾಗಿ ಬಂದೆ.

ನಿವೃತ್ತಿಯಾದ ಮೇಲೆ ಹಲಗೇರಿಗೆ ವಾಪಸಾದೆ. ಊರಿಗೆ ಮರಳಿದ ಪಿಂಚಣಿದಾರನಿಗೆ ಸಮಾಜ ಕೆಲವು ಕೆಲಸಗಳನ್ನು ತಾನಾಗಿಯೇ ಹಂಚಿಕೊಡುತ್ತದೆ: ಗುಡಿಯ ಜೀರ್ಣೋದ್ಧಾರ ಸಮಿತಿ, ಯಾರದೋ ಪಹಣಿಯ ತಿದ್ದುಪಡಿ, ರಾಣೆಬೆನ್ನೂರಿಗೆ ಹೊರಟವನ ಕೈಗೆ ನಾಲ್ಕು ಮನೆಯ ಕರೆಂಟು ಬಿಲ್ಲು. ಅದನ್ನೆಲ್ಲ ಮಾಡಿದೆ, ಈಗಲೂ ಮಾಡುತ್ತೇನೆ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಕೆನಡಾದಲ್ಲಿರುವ ಮಗಳು ಒಮ್ಮೆ ಬಂದಾಗ ಉದ್ದನೆಯ ಡಬ್ಬಿಯೊಂದನ್ನು ತಂದಳು. ಒಳಗೆ ತೆಳು ಕಟ್ಟಿಗೆಯ ಪಟ್ಟಿಗಳು, ಹಿತ್ತಾಳೆಯ ಚೂರುಪಾರು, ದಾರದ ಉಂಡೆಗಳು, ಮತ್ತು ಮಡಚಿದ ನಕ್ಷೆಯ ಹಾಳೆಗಳು. ಬ್ಲೂನೋಸ್ ಎಂಬ ಹಾಯಿಹಡಗಿನ ಮಾದರಿ ಅದು. 1921ರಲ್ಲಿ ನೋವಾ ಸ್ಕೋಷಿಯಾದ ಲುನೆನ್‌ಬರ್ಗಿನಲ್ಲಿ ನೀರಿಗಿಳಿದ ಮೀನುಗಾರಿಕೆಯ ಹಡಗು. ಮೀನೂ ಹಿಡಿಯಿತು, ಪಂದ್ಯವನ್ನೂ ಗೆದ್ದಿತು. 1937ರಿಂದ ಕೆನಡಾದ ಹತ್ತು ಸೆಂಟಿನ ನಾಣ್ಯದ ಮೇಲೆ ಕೂತಿದೆ. ಆ ನಾಣ್ಯವನ್ನೂ ಮಗಳು ಡಬ್ಬಿಯಲ್ಲಿ ಇಟ್ಟಿದ್ದಳು. ದೇಶವೊಂದು ಮೀನಿನ ದೋಣಿಯನ್ನು ದುಡ್ಡಿನ ಮೇಲೆ ಅಚ್ಚು ಹಾಕಿಸಿದ್ದು ನನಗೆ ಬಹಳ ಹಿಡಿಸಿತು. ನಮ್ಮ ಕೂರಿಗೆಗೂ ಕುಂಟೆಗೂ ಇಂಥ ಯೋಗ ಎಂದಾದರೂ ಬಂದೀತೇ?

ಹಾಳೆ ಬಿಡಿಸಿ ಮೇಜಿನ ಮೇಲೆ ಹರವಿದಾಗ ನಗು ಬಂತು. ಅಲ್ಲಿದ್ದದ್ದೂ ಅಡ್ಡಕೊಯ್ತವೇ! ಹಡಗಿನ ಮೈಯನ್ನು ಮೂತಿಯಿಂದ ಹಿಂಗಡೆಯವರೆಗೆ ಸಮ ಅಂತರದಲ್ಲಿ ಕೊಯ್ದು, ಮುಂದಿನರ್ಧವನ್ನು ಬಲಕ್ಕೂ ಹಿಂದಿನರ್ಧವನ್ನು ಎಡಕ್ಕೂ ಒಂದರೊಳಗೊಂದು ಬರೆದಿರುತ್ತಾರೆ. ಕಾಲುವೆಯಲ್ಲಿ ಒಂದು ಕೊಯ್ತಕ್ಕೂ ಮುಂದಿನದಕ್ಕೂ ಹೆಚ್ಚು ಫರಕಿರುವುದಿಲ್ಲ. ಹಡಗಿನಲ್ಲಿ ಒಂದರಂತೆ ಇನ್ನೊಂದಿಲ್ಲ, ಒಂದರಲ್ಲೂ ನೇರ ಗೆರೆಯಿಲ್ಲ. ಆದರೂ ನನ್ನ ಕಣ್ಣು ಇಂಥ ಹಾಳೆಗೆ ಪಳಗಿದ್ದೇ. ಅಡಿಮರವನ್ನು ನಿಲ್ಲಿಸಿ, ಅದಕ್ಕೆ ಅಡ್ಡ ಹಲಗೆಗಳನ್ನು ಸಾಲಾಗಿ ಸಿಕ್ಕಿಸಿದಾಗ ಮೀನಿನ ಮುಳ್ಳಿನ ಹಾಗೆ ಕಂಡಿತು. ಕಾಗದದ ಮೇಲಿನ ಕೊಯ್ತ ಕೈಗೆ ಸಿಗುವ ವಸ್ತುವಾಗಿ ಎದುರು ನಿಂತದ್ದು ನನ್ನ ಮಟ್ಟಿಗೆ ಅದೇ ಮೊದಲು.

ಹಲಗೆ ಹೊದಿಸುವುದರಲ್ಲಿ ಇರುವುದು ಶುದ್ಧ ಲೆಕ್ಕ, ಮತ್ತು ಲೆಕ್ಕಕ್ಕೆ ಜಗ್ಗದ ಮರ. ಹಡಗಿನ ಹೊಟ್ಟೆ ನಡುವೆ ಅಗಲ, ಮೂತಿಯ ಹತ್ತಿರ ಇಕ್ಕಟ್ಟು. ನಡುವಿನಲ್ಲಿ ಇಪ್ಪತ್ತೈದು ಪಟ್ಟಿ ಹಿಡಿಸುವುದಾದರೆ ಮೂತಿಯಲ್ಲೂ ಅಷ್ಟೇ ಪಟ್ಟಿ ಹಿಡಿಸಬೇಕು. ಹಾಗಾಗಿ ಪ್ರತಿ ಪಟ್ಟಿಯನ್ನೂ ತುದಿಗೆ ಹೋದಂತೆ ಸಣ್ಣ ಮಾಡುತ್ತ ಕೆತ್ತಬೇಕು. ನಡುವೆ ಐದು ಮಿಲಿಮೀಟರ್ ಇದ್ದದ್ದು ಮೂತಿಗೆ ಬರುವಾಗ ಮೂರರ ಆಸುಪಾಸು. ಬಳಿಕ ಬಿಸಿನೀರಿನಲ್ಲಿ ನೆನೆಹಾಕಿ, ಕಾದ ಕಬ್ಬಿಣಕ್ಕೆ ಒತ್ತಿ ಬಾಗಿಸಿ, ಒಣಗಿದ ಮೇಲೆ ಅಂಟು. ಒಂದು ಪಟ್ಟಿ ಎಡಕ್ಕೆ ಹಾಕಿದರೆ ಇನ್ನೊಂದು ಬಲಕ್ಕೆ. ಒಂದೇ ಬದಿಗೆ ಹಾಕುತ್ತ ಹೋದರೆ ಇಡೀ ಅಸ್ಥಿಪಂಜರ ತಿರುಚಿಕೊಳ್ಳುತ್ತದೆ. ಇದಕ್ಕೆ ಅವಸರವೆಂಬುದು ಗೊತ್ತಿಲ್ಲ. ಕಚೇರಿಯಲ್ಲಿ ಮಾರ್ಚ್ ಮೂವತ್ತೊಂದರ ಒಳಗೆ ಎಲ್ಲ ಮುಗಿಸುವ ಗಡಿಬಿಡಿಯಲ್ಲಿ ಬದುಕಿದವನಿಗೆ, ಅಂಟು ಒಣಗುವ ತನಕ ಕೈಕಟ್ಟಿ ಕೂರುವುದೇ ಒಂದು ಭತ್ಯೆ.

ಮನೆಯ ಪಡಸಾಲೆ ರಸ್ತೆಗೆ ತೆರೆದದ್ದು. ಹೋಗುವವರು, ಬರುವವರು ನಿಂತು ನೋಡುತ್ತಿದ್ದರು. ಕೇಳಿದ್ದು ಮಾತ್ರ ಎಲ್ಲರೂ ಒಂದನ್ನೇ: "ಸಾಹೇಬ್ರ, ಇದನ್ನ ಎಲ್ಲೆ ಬಿಡ್ತೀರಿ? ಕಾಲುವ್ಯಾಗನ?" ಮಳೆ ತಪ್ಪಿದ ವರ್ಷವಂತೂ ಈ ಮಾತಿಗೆ ಇನ್ನೂ ಮೊನಚು. ಸಮುದ್ರವಿಲ್ಲದ ಊರಲ್ಲಿ ಹಡಗು ಎಂಬುದು ನೋಡುವವರಿಗೆ ತಮಾಷೆಯೇ. ನನ್ನ ಬಳಿ ಒಂದು ಉತ್ತರ ಸಿದ್ಧವಿತ್ತು. ಬಾದಾಮಿಗೂ ಸಮುದ್ರವಿಲ್ಲ. ಆದರೂ ಅಲ್ಲಿಂದ ಆಳಿದ ಇಮ್ಮಡಿ ಪುಲಕೇಶಿ ಹಡಗುಗಳ ದಂಡು ಕಟ್ಟಿಕೊಂಡು ಪಡುವಣ ಕಡಲಿನ ಪುರಿಯನ್ನು ಮುತ್ತಿದ ಸಂಗತಿಯನ್ನು ರವಿಕೀರ್ತಿ ಐಹೊಳೆಯಲ್ಲಿ, ಕ್ರಿ.ಶ. 634ರ ಶಾಸನದಲ್ಲಿ ಕಲ್ಲಿನ ಮೇಲೆ ಬರೆಸಿಟ್ಟಿದ್ದಾನೆ. ಇದನ್ನು ಹೇಳಿದರೆ ಶಾಲೆಯ ಮಾಸ್ತರರು ತಲೆದೂಗುತ್ತಿದ್ದರು. ಉಳಿದವರು "ಅವ ರಾಜಾ ಬಿಡ್ರಿ" ಎಂದು ಮುಂದೆ ನಡೆಯುತ್ತಿದ್ದರು.

ಸರಿಯಾದ ಉತ್ತರ ಸಿಕ್ಕಿದ್ದು ನಮ್ಮೂರ ಬಡಿಗೇರ ಮುತ್ಯಾನಿಂದ. ಬಂಡಿಯ ಗಾಲಿ, ಕೂರಿಗೆ, ನೊಗ ಮಾಡಿ ಮಾಡಿ ಬೆನ್ನು ಬಾಗಿದ ಮನುಷ್ಯ. ಟ್ರ್ಯಾಕ್ಟರು ಬಂದು ಅವನ ಕೆಲಸವೂ ನಿವೃತ್ತಿಯ ದಾರಿ ಹಿಡಿದಿತ್ತು. ಬ್ಲೂನೋಸನ್ನು ಎತ್ತಿ, ತಿರುವಿ, ಹೊಟ್ಟೆಯ ಮೇಲೆ ಬೆರಳಾಡಿಸಿ, "ಹಡಗ ಚಲೋ ಐತಿ, ಆದ್ರ ನಮ್ದಲ್ಲ" ಎಂದ. ನಮ್ಮದು ಅಂತ ಹಡಗು ಎಲ್ಲಿದೆ ಎಂದು ಕೇಳಿದೆ. ಅವನ ಮನೆತನದಲ್ಲಿ ಒಂದು ಮಾತು ಉಳಿದು ಬಂದಿತ್ತು: ಅಜ್ಜನ ಅಜ್ಜ ಮಾಡಿದ ಬಂಡಿಗಳು ಹತ್ತಿ ಹೇರಿಕೊಂಡು ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದವು, ಬರುವಾಗ ಉಪ್ಪು, ತೆಂಗಿನಕಾಯಿ ತರುತ್ತಿದ್ದವು. "ಕುಮಟಾದಿಂದ ಮುಂದ ಆ ಹತ್ತಿ ನಡಕೊಂಡು ಹೋತೇನು?"

ಇಲ್ಲಿಂದ ನನ್ನ ಹುಚ್ಚಿಗೆ ದಿಕ್ಕು ಸಿಕ್ಕಿತು. ಓದತೊಡಗಿದೆ. ಧಾರವಾಡ ಸೀಮೆಯ ಜವಾರಿ ಹತ್ತಿಗೆ ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳು ಇಟ್ಟ ಹೆಸರೇ ಕುಮಟಾ ಹತ್ತಿ. ಆಗ ಹಾವೇರಿ, ರಾಣೆಬೆನ್ನೂರು ಎಲ್ಲ ಧಾರವಾಡ ಜಿಲ್ಲೆಯೇ. ಕುಮಟೆಯಲ್ಲಿ ಒಂದು ಹತ್ತಿಗಿಡವೂ ಬೆಳೆಯದು. ಬೆಳೆದ ಹೊಲದ ಹೆಸರು ಹೋಗಿ, ಹಡಗಿಗೆ ಹೇರಿದ ಬಂದರಿನ ಹೆಸರು ಉಳಿಯಿತು. ಕಪ್ಪು ಮಣ್ಣಿನಲ್ಲಿ ಮೈಮುರಿದವರಿಗೆ ಇದು ಹೊಸ ಅನುಭವವೇನಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಬೆಲೆ ಏರಿತು, ಘಟ್ಟದ ದಾರಿಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಒತ್ತಡವಿತ್ತು. ಹತ್ತಿ ಬೆಳೆಯುವ ಜಿಲ್ಲೆ ಒಂದು ಪ್ರಾಂತದಲ್ಲಿ, ಅದರ ಬಂದರು ಇನ್ನೊಂದರಲ್ಲಿ ಇದ್ದರೆ ರಸ್ತೆ ಮಾಡಿಸುವವರು ಯಾರು? 1880ರ ದಶಕದಲ್ಲಿ ರೈಲು ಬಂದು ಹತ್ತಿ ಮುರ್ಮಗೋವಾದ ಕಡೆ ತಿರುಗಿತು, ಕುಮಟೆ ತಣ್ಣಗಾಯಿತು. ಈಗ ಹಾವೇರಿಯಿಂದ ಏಕಂಬಿ, ಶಿರಸಿ, ದೇವಿಮನೆ ಘಟ್ಟದ ಮೇಲಿಂದ ಕುಮಟೆಗೆ ಇಳಿಯುವ ದಾರಿ ರಾಷ್ಟ್ರೀಯ ಹೆದ್ದಾರಿ 766ಇ. ಆ ಹತ್ತಿ ಕುಮಟೆಯಿಂದ ಮುಂಬಯಿಗೆ ಹೋದದ್ದು ಕರಾವಳಿಯ ಹಾಯಿಹಡಗುಗಳಲ್ಲಿ. ಅವುಗಳಲ್ಲಿ ಹೆಸರಾದದ್ದು ಪತ್ತೆಮಾರಿ.

ಪತ್ತೆಮಾರಿಯ ಕಿಟ್ಟು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಳ್ಳೆಯದೇ ಆಯಿತು. ಕಿಟ್ಟಿನಲ್ಲಿ ಲೆಕ್ಕವನ್ನು ಬೇರೆ ಯಾರೋ ಬಿಡಿಸಿರುತ್ತಾರೆ, ನಮಗೆ ಉಳಿಯುವುದು ಉತ್ತರ ನಕಲು ಮಾಡುವ ಕೆಲಸ. ಮಗಳು ಹಳೆಯ ಪುಸ್ತಕಗಳ ಪುಟಗಳನ್ನು ಹುಡುಕಿ ಕಳಿಸಿದಳು. ಸಿಂಹಳದ ಟ್ರಿಂಕೋಮಲಿಯ ನೌಕಾಂಗಣದಲ್ಲಿ ಹಡಗು ಕಟ್ಟಿಸುತ್ತಿದ್ದ ಜಾನ್ ಎಡೀ ಎಂಬಾತ 1834ರಲ್ಲಿ ಬರೆದ ವಿವರದಲ್ಲಿ ಮೊದಲ ದರ್ಜೆಯ ಪತ್ತೆಮಾರಿಯ ಅಳತೆಯಿದೆ: ಸುಮಾರು 76 ಅಡಿ ಉದ್ದ, 25 ಅಡಿ ಅಗಲ, ಹನ್ನೆರಡು ಅಡಿಗೆ ತುಸು ಕಡಿಮೆ ಆಳ. ಕಾಡುಮರದ ಪಕ್ಕೆಲುಬು, ಮೇಲೆ ಸಾಗವಾನಿ ಹಲಗೆ, ತಳಕ್ಕೆ ಸುಣ್ಣ, ಕೊಬ್ಬರಿ ಎಣ್ಣೆ, ರಾಳ ಬೆರೆಸಿದ ಲೇಪ. ಅವನ ನಂತರ ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪ್ಯಾರಿಸ್, ಯುರೋಪಿನ ಆಚೆಯ ಜನರ ದೋಣಿಗಳನ್ನೆಲ್ಲ ಅಳೆದು ಬರೆದ ದೊಡ್ಡ ಪುಸ್ತಕದಲ್ಲಿ ಪತ್ತೆಮಾರಿಯ ಗೆರೆಗಳನ್ನೂ ಕೊಟ್ಟಿದ್ದಾನೆ. ಆ ಮನುಷ್ಯನ ಗೆರೆ ನೋಡಿದರೆ ನನ್ನಂಥ ನಕ್ಷೆಗಾರನಿಗೆ ಕೈಮುಗಿಯಬೇಕು ಅನಿಸುತ್ತದೆ. ಐವತ್ತಕ್ಕೆ ಒಂದರ ಪ್ರಮಾಣದಲ್ಲಿ ನಾನು ಹಾಳೆ ಬರೆದೆ. 76 ಅಡಿ ಒಂದೂವರೆ ಅಡಿಯಾಯಿತು, ಎರಡು ಅಂಗುಲದ ಹಲಗೆ ಒಂದು ಮಿಲಿಮೀಟರ್ ಆಯಿತು.

ಹಾಳೆಯನ್ನು ಮುತ್ಯಾನ ಮುಂದೆ ಇಟ್ಟೆ. ಅವನಿಗೆ ನಕ್ಷೆಯ ಹಂಗಿಲ್ಲ, ಆದರೂ ಬಹಳ ಹೊತ್ತು ನೋಡಿದ. ಪತ್ತೆಮಾರಿಯ ಅಡಿಮರ ನೇರವಾಗಿಲ್ಲ. ನಡುವೆ ಮೇಲಕ್ಕೆ ಕಮಾನಾಗಿ ಎದ್ದಿದೆ. ಮೂತಿ ಬಹಳ ಓರೆಯಾಗಿ ಮುಂದಕ್ಕೆ ಚಾಚಿದೆ. ಹೀಗೆ ಮಾಡಿದರೆ ಹಡಗು ಚುರುಕಾಗಿ ತಿರುಗುತ್ತದೆಂದು ಬಲ್ಲವರು ಬರೆಯುತ್ತಾರೆ. ಸಾಗವಾನಿಯ ಪಟ್ಟಿಯಿಂದ ಆ ಡೊಂಕನ್ನು ಕೊಯ್ದು ತೆಗೆಯುವುದು ನನ್ನ ಯೋಜನೆಯಾಗಿತ್ತು. ಮುತ್ಯಾ ಒಪ್ಪಲಿಲ್ಲ. "ಡೊಂಕು ಬೇಕಂದ್ರ ಡೊಂಕು ಬೆಳದದ್ದ ತರಬೇಕು. ಕೊಯ್ದ ಡೊಂಕು ಎಳಿ ಕಡದು ಮುರೀತೈತಿ." ಹೊಲದ ಬದುವಿನ ಕರಿಜಾಲಿಯ ಒಂದು ಟೊಂಗೆ ತಂದ. ನೇಗಿಲಿಗೂ ಇಂಥದ್ದನ್ನೇ ಆರಿಸುತ್ತಿದ್ದನಂತೆ. ಟೊಂಗೆಯನ್ನು ಸೀಳಿದಾಗ ಮರದ ಎಳೆ ಪ್ಯಾರಿಸನ ಗೆರೆಯ ಜೊತೆಗೇ ಬಾಗಿ ಹೋಗಿತ್ತು. ದೊಡ್ಡ ಹಡಗು ಕಟ್ಟುವವರು ಜಗತ್ತಿನ ಎಲ್ಲೆಡೆ ಮಾಡಿದ್ದೂ ಇದನ್ನೇ, ಪಕ್ಕೆಲುಬಿಗಾಗಿ ಡೊಂಕು ಮರ ಹುಡುಕಿ ಕಾಡು ಅಲೆದರು ಎಂದು ಆಮೇಲೆ ಓದಿದೆ. ಬೈತಖೋಲದಿಂದ ಹೊತ್ತು ತಂದ ಪ್ರಶ್ನೆಗೆ ಅರ್ಧ ಉತ್ತರ ಆ ಟೊಂಗೆಯಲ್ಲಿತ್ತು: ನಕ್ಷೆಯಲ್ಲಿ ಬರೆಯಬೇಕಾದದ್ದನ್ನು ಅವರು ಮರದಲ್ಲೇ ನೋಡಿಕೊಂಡು ಆರಿಸುತ್ತಿದ್ದರು.

ಹಲಗೆಗೆ ಸಾಗವಾನಿ ಊರಲ್ಲೇ ದೊರೆಯಿತು. ಕೆಡವಿದ ಮನೆಯೊಂದರ ತೊಲೆ, ನೂರು ಮಳೆಗಾಲ ಕಂಡದ್ದು, ಇನ್ನು ಸೊಟ್ಟಗಾಗುವ ಭಯವಿಲ್ಲ. ಕೆನರಾ, ಮಲಬಾರಿನ ಕಾಡುಗಳ ಇದೇ ಜಾತಿಯ ಮರ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ಅಲ್ಲಿ ವಾಡಿಯಾ ಮನೆತನದವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ಇದನ್ನು ಹೇಳಿದಾಗ ಮುತ್ಯಾ ಬೆರಗಾಗಲಿಲ್ಲ. "ಸಾಗವಾನಿ ಅಲ್ಲೇನು?" ಎಂದ, ಅಷ್ಟೇ.

ಮರದ ಮೊಳೆಗಳದ್ದೇ ಒಂದು ಪುರಾಣ. ಹಲಗೆಯನ್ನು ಪಕ್ಕೆಲುಬಿಗೆ ಬಿಗಿದ ಮೊಳೆ ಅರ್ಧ ಮಿಲಿಮೀಟರಿನ ಚುಕ್ಕೆಯಾಗಿ ಕಾಣಬೇಕು. ಬಿದಿರಿನ ಸೀಳನ್ನು ಅಕ್ಕಸಾಲಿಗರು ಬೆಳ್ಳಿಯ ತಂತಿ ಎಳೆಯುವ ತೂತಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣದಕ್ಕೆ ಒಂದೊಂದಾಗಿ ಎಳೆಯುತ್ತ ಹೋದರೆ ದಾರದಷ್ಟು ತೆಳ್ಳಗಿನ ದುಂಡು ಕಡ್ಡಿ ಸಿಗುತ್ತದೆ. ಪಟ್ಟಿಯನ್ನು ಬ್ಯಾಡಗಿಯ ಪರಿಚಯದ ಅಕ್ಕಸಾಲಿಗರೊಬ್ಬರು ಕೊಟ್ಟರು. ಬಿದಿರು ಎಳೆಯಲು ಎಂದಾಗ ಅವರ ಮುಖ ನೋಡುವಂತಿತ್ತು. ಮೆಣಸಿನಕಾಯಿ ಸುಗ್ಗಿಯ ದಿನ. ಮಾರುಕಟ್ಟೆಯ ಘಾಟಿಗೆ ಸೀನುತ್ತಲೇ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ಹಾಯಿಯ ಬಗ್ಗೆ ಪುಸ್ತಕ ಹೇಳಿದ್ದು ಸಾಲಲಿಲ್ಲ. ಮಂಗಳೂರಿನ ಹಳೆ ಬಂದರಿಗೆ ಹೋದೆ. ಅಲ್ಲಿಂದ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಹೋಗುವ ಮರದ ಮಂಜಿಗಳು ಈಗಲೂ ಇವೆ. ಎಲ್ಲಕ್ಕೂ ಎಂಜಿನ್ ಬಂದಿದೆ. ಹಾಯಿ ಹೋಗಿದ್ದರೂ ಮೈ ಹಳೆಯದೇ. ಹಲಗೆಯ ಸಾಲು ಮೂತಿಗೆ ಹೇಗೆ ಸೇರುತ್ತದೆ, ಚುಕ್ಕಾಣಿಯ ತಿರುಗಣಿ ಎಲ್ಲಿ ಕೂರುತ್ತದೆ ಎಂಬುದನ್ನು ಕಣ್ಣಾರೆ ನೋಡಿದೆ. ಕಾವಲುಗಾರ ನನ್ನನ್ನು ಕಸ್ಟಮ್ಸಿನವನೆಂದು ತಿಳಿದು ಬಹಳ ಮರ್ಯಾದೆಯಿಂದ ತೋರಿಸಿದ. ತಿದ್ದುವ ಗೋಜಿಗೆ ಹೋಗಲಿಲ್ಲ.

ಪತ್ತೆಮಾರಿಗೆ ಮುಂದಕ್ಕೆ ವಾಲಿದ ಕೂವೆಮರಗಳು ಎರಡು, ಒಂದೊಂದಕ್ಕೂ ಓರೆಯಾಗಿ ತೂಗುವ ಉದ್ದನೆಯ ಅಡ್ಡಗೋಲು, ಅದರಿಂದ ಇಳಿಬಿಟ್ಟ ಮೂರು ಮೂಲೆಯ ಹಾಯಿ. ಬ್ಲೂನೋಸಿನ ಹಗ್ಗಗಳ ಜಾಲಕ್ಕೆ ಹೋಲಿಸಿದರೆ ಇಲ್ಲಿ ಹಗ್ಗಗಳೇ ಕಡಿಮೆ, ನನಗೆ ಅದೇ ಹೆಚ್ಚು ಚೆಂದ. ಹಾಯಿಗೆ ಹಳೆಯ ಧೋತರ ಹರಿದೆ. ಹೊಸ ಬಟ್ಟೆ ಇಷ್ಟು ಸಣ್ಣ ಪ್ರಮಾಣದಲ್ಲಿ ಗಡುಸಾಗಿ ನಿಲ್ಲುತ್ತದೆ. ಒಗೆದು ಒಗೆದು ಸವೆದದ್ದು ಬೇಕು. ಚಹಾದ ನೀರಿನಲ್ಲಿ ಅದ್ದಿ ಬಣ್ಣ ತಂದೆ. ಹಗ್ಗಕ್ಕೆ ಹತ್ತಿಯ ನೂಲನ್ನೇ ಹೊಸೆದು, ನವಿರು ಏಳದಂತೆ ಜೇನುಮೇಣ ಸವರಿದೆ. ಹೀಗೆ ಹಾಯಿ ಹತ್ತಿ, ಹಗ್ಗ ಹತ್ತಿ. ಸರಕೂ ಹತ್ತಿಯೇ ಆಗಬೇಕಾಗಿತ್ತು.

ಮಾದರಿ ಹಡಗಿನಲ್ಲಿ ಸರಕು ತುಂಬುವ ರೂಢಿ ಕಡಿಮೆ. ಬಹಳ ಜನ ತುಪಾಕಿ ಜೋಡಿಸುತ್ತಾರೆ. ನನಗೆ ತುಪಾಕಿಯ ಮೇಲೆ ಪ್ರೀತಿಯಿಲ್ಲ. ಹಡಗು ಹುಟ್ಟಿದ್ದು ಏನನ್ನಾದರೂ ಹೊರಲಿಕ್ಕೆ, ಖಾಲಿ ಹೊಟ್ಟೆಯ ಹಡಗನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಅದು ಬರೀ ಒಡವೆ. ಅದಕ್ಕೇ ಮೇಲಟ್ಟದ ನಡುಭಾಗವನ್ನು ಮುಚ್ಚದೆ ಬಿಟ್ಟೆ. ಒಳಗೆ ಹತ್ತಿಯ ಅಂಡಿಗೆಗಳು ಕಾಣಬೇಕು. ಅಂಡಿಗೆ ಕಟ್ಟುವ ಕ್ರಮ ನನಗೆ ಗೊತ್ತಿರಲಿಲ್ಲವಾಗಿ, ರಾಣೆಬೆನ್ನೂರಿನ ಹತ್ತಿ ಮಾರುಕಟ್ಟೆಯಲ್ಲಿ ವಯಸ್ಸು ಕಳೆದ ಹಮಾಲರೊಬ್ಬರನ್ನು ಮುತ್ಯಾ ಕರೆದುಕೊಂಡು ಬಂದ. ಅವರು ಪಡಸಾಲೆಯಲ್ಲಿ ಕೂತು, ಹಡಗನ್ನು ಮೂತಿಯಿಂದ ಹಿಂಗಡೆಯವರೆಗೆ ನೋಡಿ, ಮೊದಲು ಕೇಳಿದ್ದು ದಬ್ಬಣ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಅಂಡಿಗೆಗೆ ದಬ್ಬಣ ಎಲ್ಲಿ ಹಾಯುತ್ತದೆ? ಮನೆಯವಳು ರವಿಕೆಗೆ ಹೆಮ್ಮಿಂಗ್ ಹಾಕುವ ಸೂಜಿ ಕೊಟ್ಟಳು. ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

ಗೋಣಿಯ ಬದಲಿಗೆ ಹರಿದ ಧೋತರದ ಉಳಿಕೆ, ಒಳಗೆ ಬೀಜ ಬಿಡಿಸಿದ ನಿಜವಾದ ಅರಳೆ. ಬೆರಳಿನಿಂದ ಒತ್ತಿ ಒತ್ತಿ ತುಂಬಿದರು. ನಾಲ್ಕು ಮೂಲೆಗೂ ಕಿವಿ ಬಿಟ್ಟು ಹೊಲಿದರು; ಎತ್ತಲು ಹಿಡಿಕೆ ಬೇಕಲ್ಲ. ಇಷ್ಟು ಸಣ್ಣದನ್ನು ಎತ್ತುವವರು ಯಾರು ಎಂದು ನಾನು ಕೇಳಲಿಲ್ಲ. ಹಡಗಿನೊಳಗೆ ಅವನ್ನು ಹೇಗೆ ಒಟ್ಟಬೇಕು ಎಂಬುದರ ಮೇಲೆ ಅವರಿಗೂ ಮುತ್ಯಾನಿಗೂ ಜಗಳವೇ ಆಯಿತು. ಬಂಡಿಯಲ್ಲಿ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ, ಹಾಗಾಗಿ ಮುಂದಕ್ಕೆ ತಳ್ಳು ಎಂದು ಒಬ್ಬ; ಇದು ಬಂಡಿಯಲ್ಲ, ಗೋದಾಮು, ಗೋಡೆಗೆ ತಾಗಿಸಿ ಒಟ್ಟು ಎಂದು ಇನ್ನೊಬ್ಬರು. ಹಡಗಿನ ಕಡೆಯಿಂದ ಮಾತಾಡಬೇಕಾದವನು ನಾನು. ಅಡಿಗೆ ಭಾರ, ಎರಡೂ ಬದಿಗೆ ಸಮ ಎಂದೆ. ಇಬ್ಬರೂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಸಾಲು ಕೂತ ಮೇಲೆ ಹಮಾಲರು ಸೂಜಿ ಕೆಳಗಿಟ್ಟು, ಚಹಾ ಬಸಿಗೆ ಸುರಿದುಕೊಂಡು ಹೇಳಿದರು: "ಒಟ್ಟ ಎಷ್ಟ ಅಂಡಗಿ ಹಿಡೀತಾವು, ಅದನ್ನ ಈಗ ಹೇಳಿಬಿಡ್ರಿ ಸಾಹೇಬ್ರ. ಹಮಾಲಿ ರೊಕ್ಕ ಅಂಡಗಿ ಲೆಕ್ಕದ ಮ್ಯಾಲೆ. ಸಣ್ಣವು ಅಂತ ರೇಟ್ ಕಡಿಮಿ ಮಾಡಂಗಿಲ್ಲ."